ಮೂರನೆಯ ಹಿಡಿ

ಅಮ್ಮಿಯ ಗೋರಿಗೆ ಎರಡು ಹಿಡಿ ಮಣ್ಣು ಹಾಕಿ ಮೂರನೆಯದಕ್ಕೆ ಬಾಗಿದ್ದ ಅಕ್ರಂನ ಕಿವಿಗೆ ಖಬರಸ್ತಾನದ ಗೇಟಿನ ಬಳಿ ಕಾರು ನಿಂತ ಸದ್ದು ಬಿತ್ತು. ತಲೆ ಎತ್ತಿದರೆ ತಮ್ಮ ನಯೀಮ್. ಹೆಗಲ ಬ್ಯಾಗಿನಲ್ಲಿ ವಿಮಾನದ ಟ್ಯಾಗ್ ಇನ್ನೂ ನೇತಾಡುತ್ತಿತ್ತು. ಅಕ್ರಂ ಎತ್ತಿಕೊಂಡಿದ್ದ ಮಣ್ಣು ಕೈಯಲ್ಲೇ ಉಳಿಯಿತು.

ಬೆಳಿಗ್ಗೆ ಮಸೀದಿಯ ಹಜರತ್ ಎಲ್ಲರೆದುರು ಕೇಳಿದ್ದರು, "ಮಸ್ಕತ್‌ನಿಂದ ನಿಮ್ಮ ತಮ್ಮ ಬರೋಕೆ ಎಷ್ಟೊತ್ತಾಗುತ್ತೆ? ಸಂಜೆವರೆಗೂ ಕಾಯ್ಬೋದು."

"ತುಂಬ ದೂರ ಹಜರತ್. ನಡುವೆ ವಿಮಾನ ಬದಲಾಯಿಸ್ಬೇಕು. ಬರೋದು ನಾಳೆನೇ," ಅಂದಿದ್ದ ಅಕ್ರಂ. ಬರೀ ಮೂರು ಗಂಟೆಯ ದಾರಿ ಎಂದು ಅವನಿಗೆ ಗೊತ್ತಿತ್ತು. ಹಾಸಿಗೆ ಹಿಡಿದ ಅಮ್ಮಿಗೆ ಎರಡು ವರ್ಷ ಗಂಜಿ ಕುಡಿಸಿದವನು ಅವನು. ಗುಟುಕು ಗುಟುಕಿಗೂ ಅವಳು ಕೇಳುತ್ತಿದ್ದುದು ನಯೀಮ್‌ನನ್ನು. ಇವತ್ತೊಂದು ದಿನವಾದರೂ ಅವಳಿಗೆ ತಾನೊಬ್ಬನೇ ಮಗನಾಗಿರಬೇಕು ಅನ್ನಿಸಿತ್ತು.

"ನಾಳೆ ಬರ್ತೀರ ಅಂದಿದ್ರು!" ಹಜರತ್ ಅಚ್ಚರಿಪಟ್ಟರು.

"ನೇರ ವಿಮಾನ ಇದೆ ಹಜರತ್. ನಮ್ಮ ಮುಳಬಾಗಿಲಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗೋಷ್ಟೇ ಹೊತ್ತು," ಅಂದ ನಯೀಮ್.

ಹಜರತ್ ಅಕ್ರಂನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದರು.

ನಯೀಮ್ ಕಂಡದ್ದು ಅಣ್ಣನ ಬಿಗಿದ ಮುಷ್ಟಿಯನ್ನು ಮಾತ್ರ. "ನನಗೋಸ್ಕರ ನಿಲ್ಸಿದ್ಯಾ ಭಾಯ್? ಅಮ್ಮಿ ಮುಖ ಸಿಗ್ಲಿಲ್ಲ, ನಿನ್ನಿಂದ ಮಣ್ಣಾದ್ರೂ ಸಿಕ್ತು," ಎಂದು ಎರಡೂ ಅಂಗೈ ಜೋಡಿಸಿ ಅದರ ಕೆಳಗೆ ಹಿಡಿದ.

ಅಕ್ರಂ ಬೆರಳು ಬಿಚ್ಚಲೇಬೇಕಾಯಿತು. ಬೆವರಿಗೆ ಮುದ್ದೆಯಾಗಿದ್ದ ಆ ಮಣ್ಣನ್ನು ನಯೀಮ್ ಕಣ್ಣಿಗೊತ್ತಿಕೊಂಡ.