ಏಳುನೂರ ಅರವತ್ತೆಂಟು ಚುಕ್ಕಿ

“ಚಿತ್ರದಲ್ಲಿ ಅರವತ್ನಾಲ್ಕು ಚುಕ್ಕಿ ಸಾಲ್ದಾ?” ನರೇಂದ್ರ ಮೊಬೈಲನ್ನು ಹೆಂಡತಿಯ ಕಡೆ ತಿರುಗಿಸಿದ. “ಇದೂ ಬಿಸಿ ತೋರ್ಸೋ ಥರ್ಮಲ್ ಕ್ಯಾಮೆರಾ ಮಾಡ್ಯೂಲೇ. ಅರ್ಧ ರೇಟು.”

“ಅದು ಎಲ್ಲೋ ಬಿಸಿ ಇದೆ ಅಂತ ತೋರ್ಸತ್ತೆ ಅಷ್ಟೇ ರೀ. ಪಕ್ಕಪಕ್ಕ ಇರೋದೆಲ್ಲ ಒಂದೇ ಮುದ್ದೆ,” ಎಂದಳು ವಿಮಲಾ. “ಏಳ್ನೂರ ಅರವತ್ತೆಂಟು ಚುಕ್ಕಿದು ತರಿಸ್ಕೊಡಿ. ಫ್ರಿಜ್ಜು, ಸ್ವಿಚ್‌ಬೋರ್ಡು, ಎಲ್ಲಿ ಕರೆಂಟ್ ಪೋಲಾಗ್ತಿದೆ ನೋಡ್ಬೋದು.”

ಕರೆಂಟಿನ ಮಾತು ನಾಟಿತು. ಡಿಪ್ಲೊಮಾ ಓದಿದ ಹೆಂಡತಿ ಸೋಲ್ಡರಿಂಗ್ ಮಾಡಿಕೊಂಡು ಮನೆಯಲ್ಲೇ ಬಿದ್ದಿರುತ್ತಾಳೆಂದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷ. ಆರ್ಡರ್ ಮಾಡಿದ.

ಕುಮಾರಸ್ವಾಮಿ ಲೇಔಟಿನ ಆ ಮೂರನೇ ಮಹಡಿಯ ಬಾಗಿಲಿಗೆ ಒಳಗಿನಿಂದ ತೆರೆಯಲೂ ನಂಬರ್ ಬೇಕು. ಅಂಥ ಬೀಗವನ್ನೇ ಹುಡುಕಿ ಹಾಕಿಸಿದ ಪುಣ್ಯಾತ್ಮ ನರೇಂದ್ರ. ಮದುವೆಯಾಗಿ ಎಂಟು ತಿಂಗಳು. ವಿಮಲಾ ಹೊರಗೆ ಕಾಲಿಟ್ಟಿಲ್ಲ. ಅವಳ ಮೊಬೈಲು ಅವನ ಜೇಬಿನಲ್ಲಿ. ಒಮ್ಮೆ ಬಾಲ್ಕನಿಯಿಂದ ಕೂಗಿಕೊಂಡಳು. ಹೆಂಡತಿಗೆ ತಲೆ ಸರಿಯಿಲ್ಲವೆಂದು ಅವನು ಮೊದಲೇ ಬೀದಿಗೆಲ್ಲ ಹೇಳಿಟ್ಟಿದ್ದ. ಜನ ಅವನಿಗೇ ಅಯ್ಯೋ ಪಾಪ ಎಂದರು.

ಸಾಲದ್ದಕ್ಕೆ ಅತ್ತೆ ಮುನಿಯಕ್ಕ. ಬೆಳಿಗ್ಗೆ ಮಗ ಬೆನ್ನು ಅಡ್ಡ ಮಾಡಿ ನಂಬರ್ ಒತ್ತುವಾಗ ಕತ್ತು ಉದ್ದ ಮಾಡಿ ನೋಡುವರು. ಅವನು ಹೋದ ಮೇಲೆ ಬಾಗಿಲ ಪಕ್ಕ ಕುರ್ಚಿ ಎಳೆದುಕೊಂಡು ಕೂರುವರು, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ. ಸೊಸೆ ಓಡಿದರೆ ಬೆನ್ನಟ್ಟಲು ತಯಾರಾದವರಂತೆ.

“ಒಳಗೆ ಹೋಗಿ ಮಲ್ಕೊಳಿ ಅತ್ತೆ.”

“ನೀನು ಹೋಗಮ್ಮ. ನಂಗೆ ಬಾಗಿಲ ಹತ್ರನೇ ಸರಿ.”

ವಿಮಲಾಳ ಲೆಕ್ಕ ಸರಳವಾಗಿತ್ತು. ಒತ್ತಿದ ಬಟನ್ನಿನಲ್ಲಿ ಬೆರಳಿನ ಬಿಸಿ ಅರ್ಧ ನಿಮಿಷ ಉಳಿಯುತ್ತದೆ. ಕೊನೆಗೆ ಒತ್ತಿದ್ದು ಹೆಚ್ಚು ಬಿಸಿ, ಮೊದಲು ಒತ್ತಿದ್ದು ಕಡಿಮೆ. ಗಂಡ ಹೊರಟ ಕೂಡಲೇ ಕ್ಯಾಮೆರಾ ಹಿಡಿದರೆ ನಂಬರ್ ಸಿಕ್ಕಂತೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕ್ಯಾಮೆರಾ ಬಂದು ಐದು ದಿನವಾದರೂ ಅತ್ತೆ ಕುರ್ಚಿ ಬಿಡಲಿಲ್ಲ. ವಿಮಲಾಳಿಗೆ ಅನ್ನ ಸೇರದಾಯಿತು.

ಆರನೆಯ ಬೆಳಿಗ್ಗೆ ನರೇಂದ್ರ ಹೊರಟ. ಬಾಗಿಲು ಮುಚ್ಚಿತು. ಮುನಿಯಕ್ಕ ಬಚ್ಚಲಿಗೆ ಹೋದರು.

ವಿಮಲಾ ಓಡಿದಳು. ಅವಳೇ ಜೋಡಿಸಿದ ಪುಟ್ಟ ಪರದೆಯಲ್ಲಿ ನಾಲ್ಕು ಬಟನ್ ಹೊಳೆದವು. ಮಂಕಾದದ್ದು ಏಳು. ಆಮೇಲೆ ಎರಡು, ಒಂಬತ್ತು. ಎಲ್ಲಕ್ಕಿಂತ ಬಿಸಿ ನಾಲ್ಕು.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

ಮುನಿಯಕ್ಕ ನಿಂತಿದ್ದರು, ಪರದೆಯನ್ನೇ ನೋಡುತ್ತ. ವಿಮಲಾ ಕ್ಯಾಮೆರಾವನ್ನು ಬೆನ್ನ ಹಿಂದೆ ಮರೆಮಾಡಿದಳು. ಸಂಜೆ ಮಗನ ಕಿವಿಗೆ ಬೀಳುತ್ತದೆ, ನಾಳೆ ನಂಬರ್ ಬದಲಾಗುತ್ತದೆ. ಇನ್ನು ಈ ಜನ್ಮಕ್ಕೆ ಬಿಡುಗಡೆಯಿಲ್ಲ.

“ಸಿಕ್ತಾ ನಂಬರು?” ಮುನಿಯಕ್ಕ ಪಿಸುಗುಟ್ಟಿದರು. “ಬೇಗ ಒತ್ತು ನನ್ನ ತಾಯಿ. ಸಾರಕ್ಕೀಲಿರೋ ನಮ್ಮಕ್ಕನ ಮುಖ ನೋಡಿ ಮೂರು ವರ್ಷ ಆಯ್ತು. ನನ್ನ ಕಾಯೋಕೆ ಅಂತಾನೇ ಅವನು ನಿನ್ನ ಕಟ್ಕೊಂಡು ಬಂದಿದಾನೆ ಅಂದ್ಕೊಂಡಿದ್ದೆ.”