ಕಂಚುಗಾರರ ಬೀದಿಯ ಆಜಾನ್

ಹವಾಲ್ದಾರ ರಾಸಿಮ್ ಕಂಚುಗಾರರ ಬೀದಿಗೆ ಕಾಲಿಟ್ಟಿದ್ದೇ ತಡ, ಆ ದನಿ ಮತ್ತೆ ಎದ್ದಿತು.

"ಅಲ್ಲಾಹು ಅಕ್ಬರ್..."

ಅಚ್ಚ ಅರಬ್ಬಿ. ಎಲ್ಲಿಂದ ಎಂಬುದು ಮಾತ್ರ ತಿಳಿಯಲಿಲ್ಲ. ಸೂರಿನಿಂದಲೋ, ನೆಲದಡಿಯಿಂದಲೋ, ಅಂಗಡಿಗಳಲ್ಲಿ ತೂಗುಬಿಟ್ಟ ಪಾತ್ರೆಗಳೆಲ್ಲ ಒಟ್ಟಿಗೆ ಗುಂಯ್ಗುಟ್ಟಿದ ಹಾಗೆ. ರಾಸಿಮ್ ಓಡಿದ. ದನಿ ನಿಂತಿತು. ಎರಡೂ ಬದಿಯ ಸುತ್ತಿಗೆಗಳು ಏನೂ ಅರಿಯದವರಂತೆ ಬಡಿಯತೊಡಗಿದವು.

ಅದು ಅಪರಾಧ. ಅಂಕಾರಾದ ಕಾನೂನಿನ ಪ್ರಕಾರ ನಮಾಜಿಗೆ ಟರ್ಕಿಶ್ ಭಾಷೆಯಲ್ಲೇ ಕರೆಯಬೇಕು. ಮಸೀದಿಯ ಮುಅಜ್ಜಿನ್ ಮಿನಾರು ಹತ್ತಿ, 'ದೇವರು ದೊಡ್ಡವನು' ಎಂಬುದನ್ನು ತನ್ನದೇ ತಾಯ್ನುಡಿಯಲ್ಲಿ ತಡವರಿಸುತ್ತ ಕೂಗಿ, ಯಾರ ಮುಖವನ್ನೂ ನೋಡದೆ ಇಳಿದುಬಿಡುತ್ತಿದ್ದ. ಅರಬ್ಬಿಯಲ್ಲಿ ಕೂಗಿದವನಿಗೆ ಜೈಲು.

ತಾಲೂಕಿನ ಸಾಹೇಬರು ಮೇಜು ಕುಟ್ಟಿದರು. "ಇಷ್ಟು ದೊಡ್ಡ ಗಣರಾಜ್ಯದಲ್ಲಿ ಒಂದು ಬಾಯಿ ಹುಡುಕೋಕೆ ಆಗಲ್ವೇನಯ್ಯಾ? ರಾಷ್ಟ್ರೀಯ ಹಬ್ಬದೊಳಗೆ ಅವನು ಸಿಗಬೇಕು."

"ಅಷ್ಟು ದಿನ ಆಗಲ್ಲ ಸಾಹೇಬರೆ. ಈ ಶುಕ್ರವಾರದೊಳಗೆ ನನಗೇ ಬೇಕು ಅವನು."

ಸಾಹೇಬರಿಗೆ ಖುಷಿಯಾಯಿತು. ಬಡ್ತಿಯ ಆಸೆ ಹುಟ್ಟಿದವನು ಹೀಗೇ ಮಾತಾಡುವುದು ಎಂದುಕೊಂಡರು.

ರಾಸಿಮ್ ಜಂದರ್ಮ ಎಂಬ ಸಶಸ್ತ್ರ ಪೊಲೀಸರ ಠಾಣೆಯ ಮುಂದೆ ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿದ. ದನಿ ಪರೀಕ್ಷೆ. ಆದರೆ ಅರಬ್ಬಿ ಪದ ಕೂಗಿಸಿದರೆ ಕೂಗಿದವನೂ ಅಪರಾಧಿ, ಕೂಗಿಸಿದವನೂ ಅಪರಾಧಿ. ಹಾಗಾಗಿ, "ಬದನೆಕಾಯಿ ಅಂತ ರಾಗವಾಗಿ ಕೂಗಿ" ಎಂದ. ಮಧ್ಯಾಹ್ನವಿಡೀ ಊರಿನ ಗಂಡಸರು, ಮುಫ್ತಿಯೂ ಸೇರಿದಂತೆ, ಕಿವಿಗೆ ಕೈಯಿಟ್ಟು ಬದನೆಕಾಯಿ ಕೂಗಿದರು. ಚೀಲ ಹಿಡಿದು ಓಡಿಬಂದ ಹೆಂಗಸರು ಬರೀ ಗಂಡಸರನ್ನು ಕಂಡು ಬೈದುಕೊಂಡು ಹೋದರು. ಕಲಾಯಿ ಹಾಕುವ ಮುರಾದ್ ಹಲ್ಲುನೋವೆಂದು ಬಾಯಿಗೆ ಬಟ್ಟೆ ಬಿಗಿದುಕೊಂಡು ಬಂದಿದ್ದ. ಅವನನ್ನು ಹಾಗೇ ಕಳಿಸಿದರು. ರಾಸಿಮ್ ಒಮ್ಮೆಯೂ ನಗಲಿಲ್ಲ. ಪ್ರತಿಯೊಬ್ಬನ ಮುಂದೆಯೂ ಕಣ್ಣುಮುಚ್ಚಿ ಕೇಳಿದ.

ಕುದುರೆಯ ಜೀನು ಹೊಲಿಯುವ ದುರ್ಸುನ್ ಅವನನ್ನು ಪಕ್ಕಕ್ಕೆ ಕರೆದ. "ಒಂದು ಮಾತು ಹೇಳ್ಲಾ ಹವಾಲ್ದಾರರೆ? ನೀವು ಬಂದಾಗ ಮಾತ್ರ ಆ ಕೂಗು ಬರೋದು. ನೀವು ಜ್ವರ ಅಂತ ಮಲಗಿದ್ದಾಗ ಬೀದಿ ತಣ್ಣಗಿತ್ತು."

"ನನ್ನನ್ನ ಅಣಕಿಸ್ತಿದಾನೆ ಅಂತ ತಾನೆ?"

"ಅದು ಗೊತ್ತಿಲ್ಲಪ್ಪ. ನಿಮ್ಮ ಗಸ್ತು ಜಾಸ್ತಿ ಆದಷ್ಟೂ ಆಜಾನೂ ಜಾಸ್ತಿ. ನಮ್ಮ ಇಮಾಮರ ಕೈಲೂ ಇಷ್ಟು ಕೆಲಸ ಆಗಿರಲಿಲ್ಲ."

ಮನೆಯಲ್ಲಿ ಹೆಂಡತಿ ಮೆಲಿಹಾ ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಮಗುಗೆ ಹೆಸರಿಡೋದು ಯಾವಾಗ?"

"ಅವನು ಸಿಗಲಿ."

"ಮಗಳಿಗಿಂತ ಕಳ್ಳನೇ ಹೆಚ್ಚಾದ," ಎಂದಳು ಅತ್ತೆ, ಗೋಡೆಗೆ ಹೇಳುವಂತೆ.

ಗುರುವಾರ ಅವನು ಓಡಲಿಲ್ಲ. ಸಮವಸ್ತ್ರ ತೊಟ್ಟು ಬೀದಿಯ ನಡುವೆ ಸುಮ್ಮನೆ ನಿಂತ. ದನಿ ಎದ್ದಿತು. ಒಂದೊಂದೇ ಪಾತ್ರೆಯ ಮೇಲೆ ಅಂಗೈ ಇಡುತ್ತ ನಡೆದ. ಮುರಾದನ ಅಂಗಡಿಯ ಮುಂದೆ ಮದುವೆ ಅಡುಗೆಯ ದೊಡ್ಡ ಹಂಡೆಯೊಂದು ಅಡ್ಡ ಮಲಗಿತ್ತು. ಅದರ ಮೈ ನಡುಗುತ್ತಿತ್ತು. ಬಗ್ಗಿ ನೋಡಿದ. ಒಳಗೆ ಮುರಾದ್, ಕೈಯಲ್ಲಿ ತವರದ ಚೂರು, ಬಾಯಿ ತೆರೆದೇ ಇತ್ತು.

"ಹೊರಗೆ ಬಾ."

ಮುರಾದ್ ತೆವಳಿಕೊಂಡು ಬಂದು ಎರಡೂ ಕೈ ಜೋಡಿಸಿ ಬೇಡಿಗೆ ಒಡ್ಡಿದ.

"ಕೈ ತೊಳ್ಕೊ. ಒಳ್ಳೇ ಅಂಗಿ ಇದ್ರೆ ಹಾಕ್ಕೊ."

ಬೀದಿಯ ಸುತ್ತಿಗೆಗಳು ನಿಂತವು. ಒಳ್ಳೆಯ ಅಂಗಿ ತೊಡಿಸಿ ಕರೆದೊಯ್ಯುವುದು ಗಲ್ಲಿಗೇ ಎಂದು ದುರ್ಸುನ್ ಪಿಸುಗುಟ್ಟಿದ. ಇಬ್ಬರೂ ಠಾಣೆಯ ತನಕ ನಡೆದರು. ಠಾಣೆ ದಾಟಿಯೂ ನಡೆದರು. ರಾಸಿಮ್ ತನ್ನ ಮನೆಯ ಬಾಗಿಲು ತೆರೆದು, ಮುರಾದನನ್ನು ಒಳಕ್ಕೆ ದೂಡಿ, ಅಗುಳಿ ಹಾಕಿ, ಕಿಟಕಿಗಳನ್ನೂ ಮುಚ್ಚಿದ.

"ಮಗಳು ಹುಟ್ಟಿದಾಳೆ," ಎಂದ. ದನಿ ತಗ್ಗಿತ್ತು. "ಶುಕ್ರವಾರದೊಳಗೆ ಕಿವಿಯಲ್ಲಿ ಆಜಾನ್ ಹೇಳಿ ಹೆಸರು ಕರೀಬೇಕು. ಮುಅಜ್ಜಿನ್‌ಗೆ ಹೆದರಿಕೆ, ಟರ್ಕಿಶ್‌ನಲ್ಲೇ ಹೇಳ್ತೀನಿ ಅಂತಾನೆ. ಬೀದಿಗೆ ಯಾವ ಕಾನೂನಾದ್ರೂ ಇರಲಿ. ನನಗೆ ಪೂರ್ತಿ ಬಾಯಿಗೆ ಬರಲ್ಲ, ಆದ್ರೆ ನಮ್ಮಪ್ಪ ನನ್ನ ಕಿವೀಲಿ ಹೇಳಿದ್ದೇ ಇವಳ ಕಿವಿಗೂ ಬೀಳಬೇಕು. ಇಡೀ ತಾಲೂಕಲ್ಲಿ ಆ ಧೈರ್ಯ ಇರೋ ಬಾಯಿ ನಿಂದೊಂದೇ."

ಮುರಾದ್ ಬಹಳ ಹೊತ್ತು ಅವನ ಸಮವಸ್ತ್ರದ ಗುಂಡಿಗಳನ್ನೇ ನೋಡಿದ. ಆಮೇಲೆ ಮಗುವನ್ನು ತೋಳಿಗೆ ತೆಗೆದುಕೊಂಡ. ಬಲಗಿವಿಗೆ ಬಾಯಿಟ್ಟು, ಪಾತ್ರೆಯಲ್ಲಿ ಮೊರೆಯುತ್ತಿದ್ದ ಅದೇ ದನಿಯನ್ನು ಉಸಿರಿನಷ್ಟು ಸಣ್ಣದು ಮಾಡಿ ಹೇಳಿದ. ಒಂದು ಅಕ್ಷರವೂ ತೊದಲಲಿಲ್ಲ. "ನೆಸ್ರಿನ್," ಎಂದು ಮೂರು ಸಲ ಕರೆದ. ಮಗು ಅಳಲಿಲ್ಲ. ಅತ್ತೆ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಇಂಥ ಮುಸಲ್ಮಾನ ಬಾಯಿ ನನ್ನ ಜನ್ಮದಲ್ಲೇ ಕಂಡಿಲ್ಲ ಕಣಪ್ಪ."

ರಾಸಿಮ್ ತಾನೇ ಚಹಾ ಬಗ್ಗಿಸಿ ಕೊಟ್ಟ. "ನಾಳೆಯಿಂದ ಬಾಯಿ ಮುಚ್ಕೊಂಡಿರು, ಸಾಹೇಬರಿಗೆ ನಾನು ಏನಾದ್ರೂ ಹೇಳ್ತೀನಿ. ಅಲ್ಲಯ್ಯಾ, ನಾನು ಬರೋದು ಕಂಡೂ ಕೂಗ್ತಿದ್ದೆಯಲ್ಲ, ಒಂಚೂರೂ ಭಯ ಆಗ್ತಿರಲಿಲ್ವಾ?"

"ಭಯಕ್ಕೇ ಕೂಗ್ತಿದ್ದೆ, ಹವಾಲ್ದಾರರೆ. ತಡೀಬೇಕು ಅಂದ್ರೂ ಆಗಲ್ಲ."

"ಅಂದ್ರೆ?"

ಮುರಾದ್ ಲೋಟ ಕೆಳಗಿಟ್ಟ. "ಹಳೇ ಮುಅಜ್ಜಿನ್ ಶಾಕಿರ್ ಹೋಜಾ ಒಂದೇ ಮಧ್ಯಾಹ್ನದಲ್ಲಿ ಕಲಿಸಿದ್ದು ಇದು. 'ಜಂದರ್ಮದವರು ಕಂಡ ಕೂಡ್ಲೆ ಕೂಗು ಮಗಾ, ನಿಲ್ಲಿಸ್ಬೇಡ, ಆಗ ನಿನ್ನನ್ನ ಮುಟ್ಟಲ್ಲ' ಅಂದ್ರು. ನಮ್ಮ ಅರ್ಮೇನಿಯನ್ ಕ್ರೈಸ್ತ ಜನಾನೆಲ್ಲ ಮನೆಯಿಂದೆಬ್ಬಿಸಿ ಸಾಯೋಕೆ ನಡೆಸ್ಕೊಂಡು ಹೋದ ದಿನ ಅದು. ಆಗ ನನ್ನ ಹೆಸರು ವಾಹಾನ್."