ಅವ್ವನ ಸುಗಂಧರಾಜ

ಈರುಳ್ಳಿ ಬುಟ್ಟಿಯಲ್ಲಿ ಒಂದು ಗಡ್ಡೆ ಕೊಳೆತು ನಾರಿದರೂ ಸಾಕು, ಚಳ್ಳಕೆರೆಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಇವತ್ತಿಗೂ ನೆನಪಾಗುತ್ತದೆ.

ಅವ್ವ ಮದುವೆಯಾಗಿ ಬರುವಾಗ ಮೊಳಕಾಲ್ಮೂರಿನ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಸುಗಂಧರಾಜದ ಗಡ್ಡೆಗಳು ಅಲ್ಲಿದ್ದವು. ಪ್ರತಿ ಬೇಸಿಗೆ ಎಲೆಯೆಲ್ಲ ಒಣಗಿ, ಮಳೆ ಬಿದ್ದ ಮೇಲೆ ತಾವೇ ಚಿಗುರುತ್ತಿದ್ದವಂತೆ. ನನಗದು ಗೊತ್ತಿರಲಿಲ್ಲ. ಆ ಬೇಸಿಗೆ ಅವ್ವ ಅಪ್ಪನ ಜೊತೆ ಮಾತು ಬಿಟ್ಟು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಅವಳು ಬರುವಷ್ಟರಲ್ಲಿ ಗಿಡ ಹಸಿರಾಗಿರಲಿ ಎಂದು ಯಾರಿಗೂ ಹೇಳದೆ ದಿನಾ ಎರಡು ಚೊಂಬು ನೀರು ಸುರಿದೆ.

ನಾತ ಎಲ್ಲಿಂದ ಎಂದು ಹುಡುಕುತ್ತ ಬಂದ ಅಜ್ಜಿ, ಅಪ್ಪನ ತಾಯಿ, ಕುಡುಗೋಲಿನಿಂದ ಮಣ್ಣು ಕೆದಕಿದಳು. ಗಡ್ಡೆಗಳು ಲೋಳೆಯಾಗಿ ಬೆರಳಿಗೆ ಅಂಟಿದವು.

"ಬ್ಯಾಸಿಗ್ಯಾಗೆ ಇದ್ಕೆ ನೀರು ಹಾಕಬಾರದು ಕಣವ್ವ. ಮ್ಯಾಲೆ ಒಣಗಿದ್ರೂ ಗಡ್ಡೆ ಬದುಕಿರ್ತೈತೆ," ಅಂದಳು.

ನಾನು ಅಳತೊಡಗಿದೆ. "ಅವ್ವ ಬಂದ್ರೆ ಬೈತಾಳೆ."

ಅಜ್ಜಿ ಸ್ವಲ್ಪ ಹೊತ್ತು ಬೀದಿಬಾಗಿಲ ಕಡೆ ನೋಡಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಾನೇ ಹಾಕ್ದೆ ಅಂತ ಹೇಳ್ತೀನಿ ಬಿಡು," ಅಂದಳು.

ಅವ್ವ ತವರಿನಿಂದ ಮರಳಲಿಲ್ಲ; ಹಾಗೆ ಹೇಳುವ ದಿನ ಅಜ್ಜಿಗೆ ಬರಲೇ ಇಲ್ಲ.